ಚಕ್ರದ ಮನೆಯಲ್ಲೊಂದು ಚಳಿಗಾಲ

ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ.

ಬೆಂಗಳೂರಿನ ಪಿ.ಜಿ.ಯಲ್ಲಾಗಿದ್ದರೆ ಓನರ್ ಆಂಟಿಗೆ ಫೋನ್ ಮಾಡಿ ‘ಟ್ಯಾಂಕರ್ ಬಂದಿಲ್ವಾ ಆಂಟಿ?’ ಎಂದು ಕೇಳಿ ಮತ್ತೆ ಮುಸುಕೆಳೆದು ಮಲಗುತ್ತಿದ್ದೆ. ಇಲ್ಲಿ ಆಂಟಿಯೂ ಇಲ್ಲ, ಟ್ಯಾಂಕರೂ ಇಲ್ಲ. ನೀರೇನೋ ಪೈಪಿನಲ್ಲೇ ಇತ್ತು. ಆದರೆ ಕಲ್ಲಾಗಿ ಕೂತಿತ್ತು. ಹೊರಗೆ ಮೈನಸ್ 18 ಡಿಗ್ರಿ. ಒಳಗೆ ನಾನು ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್ ಏರಿಸಿಕೊಂಡು, ಪೇಸ್ಟ್ ಹಚ್ಚಿದ ಬ್ರಶ್ ಹಿಡಿದು, ಈ ಅಮೆರಿಕಕ್ಕೆ ನಾನು ಬಂದಿದ್ದಾದರೂ ಯಾಕೆ ಎಂದು ಯೋಚಿಸುತ್ತಾ ನಿಂತಿದ್ದೆ.

ನಿಂತಿದ್ದು ನಮ್ಮ ‘ಮನೆ’ಯಲ್ಲಿ. ಮನೆ ಎಂದರೆ 26 ಅಡಿ ಉದ್ದ, 8 ಅಡಿ ಅಗಲದ, ಕೆಳಗೆ ಚಕ್ರ ಇರುವ ಡಬ್ಬಿ. ಅಮೆರಿಕದವರು ಇದನ್ನು ಆರ್‌ವಿ, ಅಂದರೆ ರಿಕ್ರಿಯೇಷನಲ್ ವೆಹಿಕಲ್ ಎನ್ನುತ್ತಾರೆ. ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದವರಿಗೆ ಈ ಲೋಕದ ಪರಿಚಯ ಇರುತ್ತದೆ. ಆರ್‌ವಿಗಳಲ್ಲಿ ಎಂಜಿನ್ ಇರುವುದೂ ಉಂಟು, ಇಲ್ಲದ್ದೂ ಉಂಟು. ನಮ್ಮದು ಇಲ್ಲದ್ದು. ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯಬೇಕಾದ ಟ್ರೇಲರ್. ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಮೈ ತಿರುಗಿಸಿದರೆ ಮೊಣಕೈ ತಗಲುವ ಬಚ್ಚಲು ಎಲ್ಲವೂ ಒಳಗೇ.

ನಾನಿರುವುದು ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿ. ಸುತ್ತ ಹಿಮದ ಬೆಟ್ಟಗಳು, ನಡುವೆ ಸಮುದ್ರಮಟ್ಟದಿಂದ ಸುಮಾರು 4,800 ಅಡಿ ಎತ್ತರದಲ್ಲಿ ಊರು. ಫೋಟೊದಲ್ಲಿ ನೋಡಲು ಸ್ವರ್ಗ. ಬಾಡಿಗೆ ಕೇಳಿದರೆ ಮಾತ್ರ ಮೈನಸ್ ಡಿಗ್ರಿಯಲ್ಲೂ ಬೆವರು ಬರುತ್ತದೆ. ಮೊದಲ ವರ್ಷ ಒಂದು ಅಪಾರ್ಟ್‌ಮೆಂಟಿನ ಚಿಕ್ಕ ಕೋಣೆಗೆ ನನ್ನ ಪಾಲಿನ ಬಾಡಿಗೆಯೇ ತಿಂಗಳಿಗೆ 1,100 ಡಾಲರ್. ವಿದ್ಯಾರ್ಥಿಯಾಗಿ ಸಿಗುವ ಸ್ಟೈಪೆಂಡಿನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಮುಗಿಯಿತು. ಊರಿನಲ್ಲಿ ಬ್ಯಾಂಕಿನ ಸಾಲದ ಕಂತು ಬೇರೆ ಕಾಯುತ್ತಿತ್ತು. ಹಾಗಾಗಿ ಎರಡನೇ ವರ್ಷ ನಾನೂ ನೇಪಾಳದ ನನ್ನ ರೂಮ್‌ಮೇಟೂ ಸೇರಿ 9,000 ಡಾಲರ್ ಕೊಟ್ಟು ಹಳೆಯ ಟ್ರೇಲರ್ ಕೊಂಡೆವು. ಅದನ್ನು ನಿಲ್ಲಿಸಲು ಜಾಗ, ನೀರು, ಕರೆಂಟು ಕೊಡುವ ಆರ್‌ವಿ ಪಾರ್ಕಿಗೆ ತಿಂಗಳಿಗೆ 800 ಡಾಲರ್. ಇಬ್ಬರಿಗೆ ಹಂಚಿದರೆ ತಲಾ 400. ಲೆಕ್ಕ ಎಷ್ಟು ಚೆಂದ!

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅರೆಗಳಿಗೆ ಮೌನ. ಆಮೇಲೆ, ‘ಸರ್ಕಸ್‌ನೋರ ಥರ ಗಾಡೀಲಿ ಇರ್ತೀಯೇನೋ?’ ಎಂದರು.

ಆಗಸ್ಟ್, ಸೆಪ್ಟೆಂಬರ್ ತಿಂಗಳು ನಿಜಕ್ಕೂ ಸರ್ಕಸ್ಸಿನಷ್ಟೇ ಮಜವಾಗಿತ್ತು. ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಾ ಬೆಟ್ಟ ನೋಡುವುದು. ಅಕ್ಟೋಬರಿನ ಒಂದು ಬೆಳಿಗ್ಗೆ ಮೊದಲ ಹಿಮ ಬಿತ್ತು. ಅವತ್ತೇ ಪಕ್ಕದ ಟ್ರೇಲರಿನ ಅಜ್ಜ ಬಂದು ಬಾಗಿಲು ಬಡಿದರು. ಎಪ್ಪತ್ತು ದಾಟಿದ, ಮೊದಲು ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ಮನುಷ್ಯ. ಟ್ರೇಲರಿನಲ್ಲಿ ಅವರಿಗದು ಒಂಬತ್ತನೇ ಚಳಿಗಾಲ. ನಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ, ತಲೆ ಅಲ್ಲಾಡಿಸಿದರು. ‘ಇದು ಬೇಸಿಗೆಯಲ್ಲಿ ಮೀನು ಹಿಡಿಯಲು ಹೋಗುವವರಿಗೆ ಮಾಡಿದ ಗಾಡಿ ಮಕ್ಕಳೇ. ಇದರ ಗೋಡೆ ಎಷ್ಟು ದಪ್ಪ ಗೊತ್ತಾ?’ ಎಂದು ಎರಡು ಬೆರಳು ತೋರಿಸಿದರು. ಸುಮಾರು ಎರಡು ಇಂಚು. ಅದರಲ್ಲೂ ನೆಲದ ಅಡಿ ಪೂರ್ತಿ ಖಾಲಿ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಡುತ್ತದೆ. ನೀರಿನ ಪೈಪು, ಕೊಳಚೆ ಟ್ಯಾಂಕು ಎಲ್ಲ ಇರುವುದು ಅಲ್ಲೇ.

‘ಮೊದಲು ಇದಕ್ಕೊಂದು ಲಂಗ ತೊಡಿಸಿ’ ಎಂದರು ಅಜ್ಜ. ಲಂಗ ಎಂದರೆ ಸ್ಕರ್ಟಿಂಗ್. ಟ್ರೇಲರಿನ ತಳದಿಂದ ನೆಲದವರೆಗೆ ಸುತ್ತಲೂ ಅಡ್ಡ ಕಟ್ಟಿ ಗಾಳಿ ತಡೆಯುವುದು. ಕೇಳಿದ ಕೂಡಲೇ ನನಗೆ ನಗು ಬಂತು. ಏಕೆಂದರೆ ಈ ಕೆಲಸ ನನಗೆ ಗೊತ್ತಿತ್ತು!

ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿದೆ. ಮಳೆ ಎಂದರೆ ಹೇಗಿರುತ್ತದೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಮೇ ತಿಂಗಳ ಕೊನೆಗೆ ಅಪ್ಪ ಅಡಿಕೆ ಸೋಗೆ, ದಬ್ಬೆ ಒಟ್ಟುಮಾಡಿ ಮನೆಯ ಜಗಲಿಗೆ, ಮಣ್ಣಿನ ಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ದಬ್ಬೆ ಹಿಡಿದುಕೊಳ್ಳುವುದು, ಹಗ್ಗ ಕೊಡುವುದು ನನ್ನ ಕೆಲಸ. ಈಗೀಗ ಸೋಗೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಕೆಲಸ ಮಾತ್ರ ಅದೇ. ಮಳೆಯ ಎರಚಲಿಗೆ ತಟ್ಟಿ; ಚಳಿಗಾಳಿಗೆ ಸ್ಕರ್ಟಿಂಗ್. ಅಷ್ಟೇ ವ್ಯತ್ಯಾಸ.

ನಮ್ಮ ಟ್ರೇಲರಿನ ಸುತ್ತಳತೆ 68 ಅಡಿ, ನೆಲದಿಂದ ಎತ್ತರ ಸುಮಾರು 2 ಅಡಿ. 8 ಅಡಿ ಉದ್ದ, 4 ಅಡಿ ಅಗಲ, 2 ಇಂಚು ದಪ್ಪದ ಗಟ್ಟಿ ಫೋಮ್ ಹಾಳೆಗಳನ್ನು ತಂದು, ಉದ್ದಕ್ಕೆ ಸೀಳಿ ನಿಲ್ಲಿಸಿದೆವು. ಥರ್ಮಾಕೋಲಿನ ಅಣ್ಣ ಅಂದುಕೊಳ್ಳಿ. ಐದು ಹಾಳೆ ಸಾಕಾಯಿತು. ಸಂದಿಗಳಿಗೆ ಅಲ್ಯುಮಿನಿಯಂ ಟೇಪು, ಬುಡಕ್ಕೆ ಮಣ್ಣು. ಹುಲ್ಲಿನ ಪಿಂಡಿ ಜೋಡಿಸುವವರೂ ಇದ್ದಾರೆ. ಅದು ಅಗ್ಗವೇನೋ ಹೌದು, ಆದರೆ ಇಲಿಗಳಿಗೆ ಕರೆದು ಮನೆ ಕೊಟ್ಟಂತೆ, ಬೆಂಕಿಯ ಭಯ ಬೇರೆ. ಗ್ಯಾಸ್ ಸಿಲಿಂಡರುಗಳನ್ನು ಮಾತ್ರ ಈ ಲಂಗದ ಹೊರಗೇ ಇಡಬೇಕು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಕೆಳಗಿಳಿದು ಅಲ್ಲೇ ಮಡುಗಟ್ಟುತ್ತದೆ. ಫೋಮಿನ ಒಳಗೆ, ಪೈಪುಗಳ ಹತ್ತಿರ ಒಂದು ಪುಟ್ಟ ಹೀಟರ್ ಇಟ್ಟೆವು. ಅದರ ಪ್ಲಗ್ಗಿಗೇ ಬುದ್ಧಿ ಇದೆ. ಉಷ್ಣಾಂಶ 35 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ನಮ್ಮ ಲೆಕ್ಕದ ಸುಮಾರು 2 ಡಿಗ್ರಿಗೆ ಇಳಿದಾಗ ತಾನೇ ಆನ್ ಆಗುತ್ತದೆ; 45 ದಾಟಿದರೆ ಆಫ್.

ನೀರಿನದು ಇನ್ನೊಂದು ಕಥೆ. ಪಾರ್ಕಿನ ನಲ್ಲಿಯಿಂದ ಟ್ರೇಲರಿಗೆ ಬರುವ ಸಾಧಾರಣ ರಬ್ಬರ್ ಪೈಪು ಒಂದೇ ರಾತ್ರಿಯಲ್ಲಿ ಐಸ್ ಕ್ಯಾಂಡಿ. ಅದಕ್ಕೆ ಒಳಗೆ ಬಿಸಿ ತಂತಿ ಇರುವ, ಕರೆಂಟಿಗೆ ಸಿಕ್ಕಿಸುವ ಪೈಪು ಬೇಕು. ನಲ್ಲಿಯ ಕುತ್ತಿಗೆಗೂ ಅಂಥದ್ದೇ ಬಿಸಿ ಟೇಪು ಸುತ್ತಿ ಮೇಲೆ ಫೋಮ್ ಮುಚ್ಚಬೇಕು. ಶೌಚಾಲಯದ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಟ್ಟರೆ ಸುಲಭ ಎಂದುಕೊಂಡಿದ್ದೆ. ಅಜ್ಜ ತಲೆ ಚಚ್ಚಿಕೊಂಡರು. ಹನಿಹನಿಯಾಗಿ ಹರಿಯುವ ನೀರು ದಾರಿಯಲ್ಲೇ ಹೆಪ್ಪುಗಟ್ಟುತ್ತಾ ಪೈಪನ್ನೇ ಮುಚ್ಚಿಬಿಡುತ್ತದೆ. ವಾಲ್ವ್ ಮುಚ್ಚಿಡಬೇಕು, ಟ್ಯಾಂಕ್ ತುಂಬಿದ ಮೇಲೆ ಒಮ್ಮೆಗೇ ರಭಸವಾಗಿ ಬಿಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ನವೆಂಬರ್ ಕೊನೆಯಲ್ಲಿ ಆ ಬೆಳಿಗ್ಗೆ ನೀರು ಕಲ್ಲಾಗಿದ್ದು ಹೇಗೆ? ಕಾರಣ, ನನ್ನ ಜಿಪುಣತನ.

ಟ್ರೇಲರಿನಲ್ಲಿ ಗ್ಯಾಸಿನಿಂದ ಉರಿಯುವ ಫರ್ನೇಸ್ ಇರುತ್ತದೆ. ನಮ್ಮದು ಗಂಟೆಗೆ 30,000 ಬಿಟಿಯು ಶಾಖ ಕೊಡುವಂಥದ್ದು. ಸಿಲಿಂಡರಿನಲ್ಲಿ ಹಿಡಿಸುವುದು 30 ಪೌಂಡ್, ಅಂದರೆ 13.6 ಕೆ.ಜಿ. ನಮ್ಮೂರಿನ 14.2 ಕೆ.ಜಿ. ಸಿಲಿಂಡರಿಗಿಂತ ಚೂರು ಕಡಿಮೆ. ಮನೆಯಲ್ಲಿ ಅಮ್ಮ ಅದರಲ್ಲಿ ಒಂದೂವರೆ ತಿಂಗಳು ಅಡುಗೆ ಮಾಡುತ್ತಾರೆ. ಇಲ್ಲಿ ಫರ್ನೇಸ್ ನಿಲ್ಲದೆ ಉರಿದರೆ 21 ಗಂಟೆಯಲ್ಲಿ ಖಾಲಿ! ಕೊರೆಯುವ ಚಳಿಯಲ್ಲಿ ಅದು ಅರ್ಧ ಹೊತ್ತಾದರೂ ಉರಿಯುತ್ತದೆ. ಹಾಗಾದರೆ ಎರಡು ದಿನಕ್ಕೊಂದು ಸಿಲಿಂಡರ್. ಪಾರ್ಕಿನಲ್ಲಿ ಕರೆಂಟು ಬಾಡಿಗೆಯಲ್ಲೇ ಸೇರಿತ್ತು. ‘ಬಿಟ್ಟಿ ಕರೆಂಟಿರುವಾಗ ಗ್ಯಾಸಿಗೆ ಯಾಕೆ ದುಡ್ಡು?’ ಎಂದು 1,500 ವ್ಯಾಟಿನ ಎರಡು ಎಲೆಕ್ಟ್ರಿಕ್ ಹೀಟರ್ ತಂದು ಫರ್ನೇಸ್ ಆಫ್ ಮಾಡಿದೆ.

ನಮಗೆ ಸಿಗುವುದು 30 ಆಂಪಿಯರ್, 120 ವೋಲ್ಟಿನ ಕರೆಂಟು. ಒಟ್ಟು 3,600 ವ್ಯಾಟ್. ಎರಡು ಹೀಟರಿಗೇ 3,000 ಹೋದರೆ ಉಳಿದದ್ದರಲ್ಲಿ ಏನು ನಡೆದೀತು? ಅವತ್ತು ರಾತ್ರಿ ರೂಮ್‌ಮೇಟ್ ಹಾಲು ಬಿಸಿ ಮಾಡಲು ಮೈಕ್ರೋವೇವ್ ಹಾಕಿದ, ಬ್ರೇಕರ್ ಬಿತ್ತು, ಕೆಳಗಿನ ಪುಟ್ಟ ಹೀಟರೂ ನಿಂತಿತು. ಒಳಗಿನ ಬ್ರೇಕರ್ ಮೇಲೆತ್ತಿ ಮಲಗಿದೆವು. ಹೊರಗಿನ ಕಂಬದ್ದೂ ಬಿದ್ದಿತ್ತು, ನೋಡಲೇ ಇಲ್ಲ. ಬ್ಯಾಟರಿ ದೀಪ ಉರಿಯುತ್ತಿತ್ತಲ್ಲ! ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಫರ್ನೇಸಿನ ಬಿಸಿಗಾಳಿಯ ಕೊಳವೆ ಹಾದುಹೋಗುವುದು ನೆಲದ ಕೆಳಗೆ, ನೀರಿನ ಪೈಪುಗಳ ಪಕ್ಕದಲ್ಲಿ. ನಮ್ಮನ್ನು ಬೆಚ್ಚಗಿಡುವಾಗ ಪೈಪನ್ನೂ ಬೆಚ್ಚಗಿಡುವ ಏರ್ಪಾಡು ಅದು. ಎಲೆಕ್ಟ್ರಿಕ್ ಹೀಟರ್ ನಮ್ಮ ಕಾಲನ್ನು ಕಾಯಿಸುತ್ತದೆ ಅಷ್ಟೇ, ಪೈಪನ್ನಲ್ಲ.

ಆ ದಿನ ಕ್ಲಾಸ್ ತಪ್ಪಿಸಿ, ನಲ್ಲಿ ತೆರೆದಿಟ್ಟು, ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಹಿಂದಕ್ಕೆ ಒಂದೊಂದೇ ಅಡಿ ಕಾಯಿಸುತ್ತಾ ಕೂತೆವು. ಬೆಂಕಿ ಹಿಡಿಯುವ ಹಾಗಿಲ್ಲ, ಪ್ಲಾಸ್ಟಿಕ್ ಪೈಪು. ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆಂದು ಹೈಸ್ಕೂಲಿನಲ್ಲಿ ಎರಡು ಅಂಕಕ್ಕೆ ಬರೆದಿದ್ದೆ. ಅದರ ಅರ್ಥ ತಿಳಿದದ್ದು ಸಿಂಕಿನ ಕೆಳಗಿನ ಜೋಡಣೆ ಸೀಳಿ ಅಡುಗೆಮನೆ ತುಂಬ ನೀರಾದಾಗ.

ಅಲ್ಲಿಂದ ಫರ್ನೇಸ್ ಶುರು. ಗ್ಯಾಸ್ ಉಳಿಸಲು ಈಗ ಉಳಿದದ್ದು ಒಂದೇ ದಾರಿ. ಬಿಸಿ ಒಂದಿಷ್ಟೂ ಹೊರಹೋಗದಂತೆ ಮುಚ್ಚುವುದು. ನಾನು ಮುಚ್ಚಿದೆ ನೋಡಿ! ಕಿಟಕಿಗಳಿಗೆ ಪ್ಲಾಸ್ಟಿಕ್ ಪದರ ಅಂಟಿಸಿ, ಬಿಸಿಗಾಳಿ ಬಿಟ್ಟು ಬಿಗಿ ಮಾಡಿದೆ. ಮೇಲೆ ಗುಳ್ಳೆ ಪ್ಲಾಸ್ಟಿಕ್. ಚಾವಣಿಯಲ್ಲಿ ಗಾಳಿಯಾಡಲು 14 ಇಂಚಿನ ಎರಡು ಕಿಂಡಿಗಳಿದ್ದವು. ಅವಕ್ಕೆ ಸ್ಪಂಜಿನ ದಿಂಬು ತುರುಕಿ ಸುತ್ತ ಟೇಪು ಬಳಿದೆ. ಒಲೆಯ ಮೇಲಿನ ಎಕ್ಸಾಸ್ಟಿಗೂ ಟೇಪು. ಬಾಗಿಲ ಸಂದಿಗೆ ಹಳೆಯ ಪಂಚೆ. ಒಳಗೆ ಕೂತರೆ ಗಾಳಿಯ ಸದ್ದೂ ಇಲ್ಲ. ‘ಡಬ್ಬಿ ಸೀಲ್ ಆಯ್ತು’ ಎಂದು ಹೆಮ್ಮೆಪಟ್ಟೆ.

ಒಂದೇ ವಾರ. ಕಿಟಕಿಯ ಚೌಕಟ್ಟಿನಲ್ಲಿ ನೀರು ಇಳಿಯತೊಡಗಿತು. ಬಟ್ಟೆಗಳಿಗೆ ಆಷಾಢದ ಮಳೆಯ ವಾಸನೆ. ಹಾಸಿಗೆ ಎತ್ತಿ ನೋಡಿದರೆ ಅಡಿಭಾಗ ಒದ್ದೆ, ಕಪ್ಪು ಬೂಷ್ಟು. ಹೊರಗೆ ಎಲ್ಲವೂ ಒಣಗಿ ಬಿರುಕು ಬಿಡುವ ಚಳಿ, ಒಳಗೆ ಮಲೆನಾಡು! ಇಬ್ಬರ ಉಸಿರು, ಸ್ನಾನ, ಮೂರು ಸೀಟಿ ಹೊಡೆಯುವ ಕುಕ್ಕರ್, ಕುದಿಯುವ ಸಾರು ಎಲ್ಲದರ ಆವಿ ಹೋಗಲು ದಾರಿಯಿಲ್ಲದೆ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತಿತ್ತು. ಇದಲ್ಲದೆ ಗ್ಯಾಸ್ ಉರಿದಾಗಲೇ ನೀರು ಹುಟ್ಟುತ್ತದೆ. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಸುಮಾರು 1.6 ಕೆ.ಜಿ. ನೀರು. ಫರ್ನೇಸಿನದು ಅದರದೇ ಕೊಳವೆಯಲ್ಲಿ ಹೊರಹೋಗುತ್ತದೆ. ಒಲೆಯದು ಮನೆಯೊಳಗೇ ಉಳಿಯುತ್ತದೆ.

ಅಜ್ಜ ಬಂದು ನೋಡಿ, ‘ಕಿಂಡಿ ಸ್ವಲ್ಪ ತೆಗೆ’ ಎಂದರು. ‘ಗ್ಯಾಸ್ ದುಡ್ಡು ಹಾರಿಹೋಗುತ್ತದಲ್ಲ’ ಎಂದೆ. ಅವರು ವಾದ ಮಾಡಲಿಲ್ಲ. ಗೋಡೆಯ ಕೆಳಗಿದ್ದ, ಗ್ಯಾಸ್ ಸೋರಿಕೆಗೂ ಕಾರ್ಬನ್ ಮೊನಾಕ್ಸೈಡಿಗೂ ಕೂಗುವ ಅಲಾರಂ ತೋರಿಸಿ, ‘ಇದು ಟ್ರೇಲರಿನ ಬ್ಯಾಟರಿಯಿಂದ ನಡೆಯುತ್ತದೆ. ಆ ಬ್ಯಾಟರಿ ಹಳೆಯದು. ಸೆಲ್ ಹಾಕುವ ಇನ್ನೊಂದನ್ನು ಇವತ್ತೇ ತಗೋ’ ಎಂದಷ್ಟೇ ಹೇಳಿದರು. 30 ಡಾಲರ್. ಗೊಣಗುತ್ತಲೇ ತಂದು ಮಲಗುವ ಕಡೆ ತೂಗುಹಾಕಿದೆ. ಕಿಂಡಿ ಮಾತ್ರ ತೆಗೆಯಲಿಲ್ಲ.

ಜನವರಿಯ ಒಂದು ರಾತ್ರಿ ಹಿಮಗಾಳಿ ಬೀಸಿ ಇಡೀ ಪಾರ್ಕಿನ ಕರೆಂಟು ಹೋಯಿತು. ಹೊರಗೆ ಮೈನಸ್ 27. ಫರ್ನೇಸ್ ಗ್ಯಾಸಿನಲ್ಲಿ ಉರಿದರೂ ಅದರ ಫ್ಯಾನಿಗೆ 12 ವೋಲ್ಟಿನ ಬ್ಯಾಟರಿ ಬೇಕು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಮೊದಲೇ ಕುಗ್ಗಿರುತ್ತದೆ, ನಮ್ಮದಂತೂ ಮುದಿ ಬ್ಯಾಟರಿ. ಎರಡು ಗಂಟೆಯಲ್ಲಿ ಫರ್ನೇಸ್ ನಿಂತಿತು. ಒಳಗಿನ ಉಷ್ಣಾಂಶ ನೋಡನೋಡುತ್ತಿದ್ದಂತೆ ಇಳಿಯಿತು. ಏನು ಮಾಡಬೇಕೋ ತೋಚದೆ ನಾನೇ ಅಡುಗೆ ಒಲೆಯ ಮೂರೂ ಬರ್ನರ್ ಹಚ್ಚಿದೆ. ಹತ್ತು ನಿಮಿಷದಲ್ಲಿ ಹಿತವಾದ ಬಿಸಿ. ಬೆಂಕಿಯ ಮುಂದೆ ಕೂತು ಊರಿನ ಬಚ್ಚಲೊಲೆ ನೆನಪಾಯಿತು. ರೂಮ್‌ಮೇಟ್ ತಲೆನೋವು ಎಂದ. ‘ಚಳಿಗೆ ಕಣೋ, ಮಲಗು’ ಎಂದೆ. ನನಗೂ ಜೋಂಪು ಹತ್ತಿತು.

ಎಬ್ಬಿಸಿದ್ದು ಆ 30 ಡಾಲರಿನ ಡಬ್ಬಿ. ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ಗೋಡೆಯ ಹಳೆಯ ಅಲಾರಂ ಬ್ಯಾಟರಿಯ ಜೊತೆಗೇ ಸತ್ತಿತ್ತು. ಎದ್ದು ನಿಂತರೆ ಕಾಲು ನನ್ನದಲ್ಲ ಎನ್ನಿಸಿತು. ಒಲೆ ಆರಿಸಿ, ಅವನನ್ನು ಎಳೆದುಕೊಂಡು, ಬಾಗಿಲ ಪಂಚೆ ಕಿತ್ತು ಹೊರಬಿದ್ದೆ. ಚಪ್ಪಲಿಯೂ ಇಲ್ಲದೆ ಹಿಮದ ಮೇಲೆ ನಿಂತಾಗ ಆ ಮೈನಸ್ 27ರ ಗಾಳಿ ಎಷ್ಟು ರುಚಿಯಾಗಿತ್ತೆಂದು ಹೇಳಲಾರೆ. ಅಜ್ಜ ನಮ್ಮನ್ನು ತಮ್ಮ ಟ್ರೇಲರಿಗೆ ಎಳೆದುಕೊಂಡು ತುರ್ತು ಸೇವೆಗೆ ಫೋನ್ ಮಾಡಿದರು. ಬಂದವರು ರೂಮ್‌ಮೇಟ್‌ಗೆ ಆಮ್ಲಜನಕದ ಮಾಸ್ಕ್ ಹಾಕಿದರು. ಮೀಟರ್ ಹಿಡಿದು ನಮ್ಮ ಗಾಡಿಯೊಳಗೆ ಹೋಗಿ ಬಂದವರೊಬ್ಬರು, ಟೇಪು ಬಳಿದ ಕಿಂಡಿಯನ್ನು ತೋರಿಸಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಬೆಂಕಿಗೆ ಸಾಕಷ್ಟು ಆಮ್ಲಜನಕ ಸಿಗದಿದ್ದರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಸುಸ್ತು, ನಿದ್ದೆ, ಅಷ್ಟೇ ಸೂಚನೆ. ಇದು ಅಮೆರಿಕದ ಟ್ರೇಲರಿನ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ನಾನೂ ಓದಿ ಪುಟ ತಿರುಗಿಸಿದವನೇ.

ಮರುದಿನವೇ ಟೇಪು ಕಿತ್ತೆ. ಒಂದು ಕಿಂಡಿ ಸದಾ ಎರಡು ಬೆರಳಷ್ಟು ತೆರೆದಿರುತ್ತದೆ. ಅಡುಗೆ ಮಾಡುವಾಗ, ಸ್ನಾನ ಮಾಡುವಾಗ ಫ್ಯಾನ್ ತಿರುಗಲೇಬೇಕು. ಒಲೆ ಅಡುಗೆಗೆ ಮಾತ್ರ, ಮೈ ಕಾಯಿಸಲು ಅಲ್ಲ. ಹಾಸಿಗೆಯ ಕೆಳಗೆ ಗಾಳಿಯಾಡಲು ಮರದ ಪಟ್ಟಿ ಜೋಡಿಸಿದೆವು. ಹೊಸ ಬ್ಯಾಟರಿ ತಂದೆವು. ಹಿಮ ಬಿದ್ದ ಬೆಳಿಗ್ಗೆ ಮೊದಲ ಕೆಲಸ, ಫರ್ನೇಸಿನ ಹೊಗೆ ಹೋಗುವ ಬಾಯಿಗೆ ಹಿಮ ಕಟ್ಟಿದೆಯೇ ಎಂದು ನೋಡುವುದು. ವಿಚಿತ್ರವೆಂದರೆ ಕಿಂಡಿ ತೆಗೆದ ಮೇಲೆ ಮನೆ ಮೊದಲಿಗಿಂತ ಬೆಚ್ಚಗೆನಿಸಿತು. ಒದ್ದೆ ಹಾಸಿಗೆಯ ಚಳಿ ಎಂಥದ್ದೆಂದು ಮಲೆನಾಡಿನವರಿಗೆ ಹೇಳಬೇಕೇ?

ಕೊನೆಗೆ ಲೆಕ್ಕಕ್ಕೆ ಬರೋಣ. ಏಪ್ರಿಲ್‌ವರೆಗಿನ ಏಳು ತಿಂಗಳಲ್ಲಿ ಜಾಗದ ಬಾಡಿಗೆ, ಗ್ಯಾಸು, ಫೋಮು, ಪೈಪು ಎಲ್ಲ ಕಳೆದರೆ ಅಪಾರ್ಟ್‌ಮೆಂಟಿಗೆ ಹೋಲಿಸಿ ನನಗೆ ಉಳಿದದ್ದು ಸುಮಾರು 3,500 ಡಾಲರ್. ಟ್ರೇಲರಿಗೆ ನಾನು ಹಾಕಿದ 4,500 ಇನ್ನೂ ಪೂರ್ತಿ ಹುಟ್ಟಿಲ್ಲ. ಬರುವ ಚಳಿಗಾಲಕ್ಕೆ ಹುಟ್ಟೀತು. ‘ಹಾಗಾದರೆ ನಾವೂ ಟ್ರೇಲರ್ ತಗೊಳ್ಳೋಣವೇ?’ ಎಂದು ಕೇಳುವ ಗೆಳೆಯರಿಗೆ ನನ್ನ ಉತ್ತರ ಇಷ್ಟೇ: ತಗೊಳ್ಳಿ, ಆದರೆ ಹೀಟರಿಗಿಂತ ಮೊದಲು ಅಲಾರಂ ತಗೊಳ್ಳಿ.

ಆ ರಾತ್ರಿಯ ಕಥೆಯನ್ನು ಮನೆಯಲ್ಲಿ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಸ್ಕರ್ಟಿಂಗ್ ಬಿಚ್ಚಿ ಜೋಡಿಸುತ್ತಿದ್ದಾಗ ಅಮ್ಮನ ವಿಡಿಯೊ ಕಾಲ್ ಬಂತು. ಅಲ್ಲಿ ಅಪ್ಪ ತಟ್ಟಿ ಕಟ್ಟುತ್ತಿದ್ದರು. ಇಲ್ಲಿ ಬಿಚ್ಚುವ ಹೊತ್ತಿಗೆ ಅಲ್ಲಿ ಕಟ್ಟುವ ಹೊತ್ತು. ಯಾಕೋ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಅಳುತ್ತಾರೆ ಅಂದುಕೊಂಡಿದ್ದೆ. ಅವರು ಮಾತಾಡದೆ ಫೋನನ್ನು ಬಚ್ಚಲಮನೆಯ ಕಡೆ ತಿರುಗಿಸಿದರು. ಹೊಸ ತಟ್ಟಿಯ ಮೇಲ್ಗಡೆ, ಸೂರಿನ ಕೆಳಗೆ, ಒಂದು ಮೊಳದಷ್ಟು ಜಾಗ ಖಾಲಿ ಇತ್ತು. ಬಚ್ಚಲೊಲೆಯ ಹೊಗೆ ಅಲ್ಲಿಂದ ನಿಧಾನ ಹೊರಬರುತ್ತಿತ್ತು. ಪ್ರತಿವರ್ಷ ಹಗ್ಗ ಕೊಡುತ್ತಾ ಆ ಜಾಗದ ಕೆಳಗೇ ನಿಂತಿರುತ್ತಿದ್ದವನು ನಾನು.

‘ಕಿಂಡಿ ಬಿಡದೆ ಯಾರಾದ್ರೂ ತಟ್ಟಿ ಕಟ್ತಾರೇನೋ?’ ಎಂದರು ಅಮ್ಮ.